ಹಾಡಿಗಿಂತ ಮೊದಲು ಬಂದ ಶಾಲು

ಭಿತ್ತಿಪತ್ರಕ್ಕೆ ಹಾಕುವಾಗ ಅನಿತಾಳ ಫೋಟೋವನ್ನು ಸೊಂಟದಿಂದ ಕೆಳಗೆ ಕತ್ತರಿಸಿದ್ದರು. ಈಗ ರೋಣದ ಸಂಗೀತ ಸಭೆಯ ವೇದಿಕೆಯ ಮೇಲೆ ಆಕೆ ಇಡಿಯಾಗಿ ಕೂತಿದ್ದಳು. ಕಬ್ಬಿಣದ ಪಟ್ಟಿ ಬಿಗಿದ ಎಡಗಾಲನ್ನು ಮಡಚಲು ಬರುವುದಿಲ್ಲ. ಅದು ನೆಟ್ಟಗೆ ಜನರ ಕಡೆಗೇ ಚಾಚಿತ್ತು.

ಹಾಡಿ ಮುಗಿಸಿದ ಮೇಲೆ ಕಲಾವಿದರ ಹೆಗಲಿಗೆ ಶಾಲು ಹೊದಿಸುವುದು ಅಲ್ಲಿಯ ರೂಢಿ. ಸಭೆಯ ಅಧ್ಯಕ್ಷ ಅಂದಾನಪ್ಪ ಇವತ್ತು ಮೊದಲೇ ಶಾಲು ಹಿಡಿದು ಬಂದ. ಜನ ಚಪ್ಪಾಳೆ ತಟ್ಟಿದರು. ಆತ ಬಗ್ಗಿ, ಅದನ್ನು ಆಕೆಯ ಕಾಲಿನ ಮೇಲೆ ಹರವಿದ.

"ಮಠದ ಅಜ್ಜಾರು ಮುಂದ ಕುಂತಾರವಾ. ಜನ ಹಾಡ ಕೇಳಾಕ ಬಂದಾರ, ಕಬ್ಬಿಣ ನೋಡಾಕಲ್ಲ. ಮುಗಿಯೂತನಕ ತಗೀಬ್ಯಾಡ."

"ಈ ಕಬ್ಬಿಣ ಇಲ್ದ ನಾ ನಿಮ್ಮ ಮೆಟ್ಲಾ ಹತ್ತೂದ ಹ್ಯಾಂಗ್ರಿ, ಸಾವ್ಕಾರ್ರ?"

"ಮಾತು ಭಾಳ ಕಲ್ತೀ ಬಿಡು! ನರಗುಂದ, ಗಜೇಂದ್ರಗಡದಾಗೂ ಹಾಡೂದೈತಿ, ನೆನಪಿರ್ಲಿ."

ಆ ಎರಡೂ ಊರಿನ ಕಾರ್ಯಕ್ರಮಗಳು ಆತನ ಒಂದು ಫೋನಿನ ಮೇಲೆ ನಿಂತಿದ್ದವು. ಇಲ್ಲಿಯದೂ ಸೇರಿ, ಹನ್ನೊಂದು ವರ್ಷ ಕಲಿತ ಮೇಲೆ ಆಕೆಗೆ ಸಿಕ್ಕ ಮೊದಲ ಕರೆಗಳು ಅವು. ತಬಲಾ ಶ್ರುತಿ ಮಾಡುತ್ತಿದ್ದ ಕಳಕೇಶ ಸುತ್ತಿಗೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ಅನಿತಾ ತಂಬೂರಿಯಿಂದ ಕೈ ತೆಗೆದು ಶಾಲನ್ನು ಎಳೆದಳು, ಅವಸರವಿಲ್ಲದೆ ನಾಲ್ಕು ಮಡಿಕೆ ಮಾಡಿ ಆತನ ಕೈಗಿಟ್ಟಳು. ಮೈಕು ಚಾಲೂ ಇತ್ತು.

"ಹಾಡ ಕೇಳಿದ ಮ್ಯಾಲೆ ಹೆಗಲಿಗೆ ಹಾಕೂದಿದ್ರ ಹಾಕ್ರಿ. ಕಾಲಿಗೆ ನಾ ಹಾಕ್ಕೊಳ್ಳೂದಿಲ್ರಿ."