ಫ್ಲೆಕ್ಸ್ ಅಂಗಡಿಯವನ ಧೈರ್ಯ

ಹೊಸ ವೈರಸ್ ಬರಲಿದೆಯೆಂದು ಟಿ.ವಿ.ಯವರು ಕಿರುಚಿ ಕಿರುಚಿ ಊರಿನ ಕಿವಿಯನ್ನೆಲ್ಲ ತೂತು ಮಾಡಿಬಿಟ್ಟಿದ್ದರು. ಆಶಾ ಕಾರ್ಯಕರ್ತೆ ದಾಕ್ಷಾಯಣಿ ಸಮೀಕ್ಷೆಯ ಫಾರಂ ಹಿಡಿದು, ಅವತ್ತಿನ ಸಾವಿರದ ಒಂದನೆಯ ಬಾಗಿಲಿಗೆ ಬಂದಳು. ಅದು ಮುರಿಗೆಪ್ಪನ ಫ್ಲೆಕ್ಸ್ ಅಂಗಡಿ.

"ಹೊಸಾ ಜಡ್ಡಿನ ಬಗ್ಗೆ ಅಂಜಿಕಿ ಐತೇನ್ರಿ, ಅಣ್ಣಾರ?"

"ಅಂಜಿಕಿ? ನನಗ?" ಮುರಿಗೆಪ್ಪನ ನಗೆಗೆ ಎದುರಿನ ಗೋಡೆಯೇ ನಡುಗಿತು. "ಹೋದ ಸಲ ಜಡ್ಡು ಬಂದಾಗ ನಾ ಮಾಡಿದ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಾಕ ಊರಾಗಿನ ಲೈಟಿನ ಕಂಬ ಸಾಲಲಿಲ್ಲ. ಜಡ್ಡು ಈ ಬಾಗಿಲತನಕ ಬಂದು, ನನ್ನ ಮಾರಿ ನೋಡಿ ಹೊಳ್ಳಿ ಹೋತು!"

"ಮಾಸ್ಕ್ ಹಾಕ್ಕೋತೀರಿ?"

"ಮೀಸಿ ಮುಚ್ಚತೈತಿ, ಬ್ಯಾಡ."

'ಭಯವಿಲ್ಲ' ಎಂಬಲ್ಲಿ ಅವಳು ಗುರುತು ಹಾಕಿದಳು. ಅವಳಿಗೂ ಭಯವೇನೂ ಆಗುತ್ತಿರಲಿಲ್ಲ; ಈಚೆಗೆ ಮನಸ್ಸಿಗೆ ಏನೂ ಆಗುತ್ತಿರಲಿಲ್ಲ. ಹೋದ ಸಲ ತೀರಿಕೊಂಡ ತನ್ನ ಅವ್ವನ ಫ್ಲೆಕ್ಸಿಗೆ ಸಿಕ್ಕಿದ್ದು ರೇಷನ್ ಕಾರ್ಡಿನ ಮಸುಕು ಫೋಟೊ ಮಾತ್ರ. ಓಣಿಯವರೇ ಅದರೆದುರು ನಿಂತು, ಇವರು ಯಾರೆಂದು ಕೇಳಿದ್ದರು.

ಚೀಲದಿಂದ ತನ್ನದೊಂದು ಒಳ್ಳೆಯ ಫೋಟೊ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ನಿಮ್ಮ ಕಂಪ್ಯೂಟರಿನಾಗ ಇಟ್ಟಿರ್ರಿ, ಅಣ್ಣಾರ. ಮನಿ ಮನಿ ತಿರುಗಾಕಿ ನಾನು. ಆಮ್ಯಾಲ ಯಾರೂ ಹುಡುಕೂದು ಬ್ಯಾಡ."

ಮುರಿಗೆಪ್ಪ ಫೋಟೊ ಮುಟ್ಟಲಿಲ್ಲ. ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ.

"ಇದು ಬ್ಯಾಡ, ಅಕ್ಕಾರ. ಹೋದ ಸಲ ಊರಾಗ ನಿಮಗ ಮಾಡಿದ ಸನ್ಮಾನದ ಫ್ಲೆಕ್ಸಿನ ಫೋಟೊ ಇತ್ತಲ್ಲ, ಅದನ್ನ ಹಾಕಿ ನಿಮ್ಮ ಶ್ರದ್ಧಾಂಜಲಿ ಫ್ಲೆಕ್ಸ್ ಹೋದ ವಾರನ ಮಾಡಿಟ್ಟೀನಿ. ತಾರೀಖು ಒಂದು ಖಾಲಿ ಐತಿ. ನೋಡ್ರಿ, ನನ್ನದರ ಬಾಜೂಕ."