ಅಮ್ಮಿಯ ಚಿತ್ರಕ್ಕೆ ಕೂದಲು

"ಅಕ್ಕಾರ, ನಮ್ಮ ಶಾಯಿಸ್ತಾ ಮನಿಯಿಂದ ಕೂದಲ ತಂದಾಳೇನ್ರಿ?"

ಕೊಪ್ಪಳದ ಪಕ್ಕದ ಭಾಗ್ಯನಗರದ ಶಾಲೆಯೊಂದರ ಎರಡನೆಯ ತರಗತಿಯ ಬಾಗಿಲಲ್ಲಿ ತಸ್ಲೀಮಾ ಏದುಸಿರು ಬಿಡುತ್ತ ನಿಂತಿದ್ದಳು. ಒಳಗೆ ಕಸ್ತೂರೆಮ್ಮ ಟೀಚರು ಮಕ್ಕಳು ಮಾಡಿದ ಹಾಳೆಗಳನ್ನು ಗೋಡೆಯ ದಾರಕ್ಕೆ ಸಿಕ್ಕಿಸುತ್ತಿದ್ದರು. ಪ್ರಶ್ನೆ ಕೇಳಿ ಅವರ ಮುಖ ಅರಳಿತು.

"ಬರ್ರಿ, ನೋಡ್ರಿ. ನಿಮ್ಮ ಹುಡುಗೀದು ಎಲ್ಲಾರಕಿಂತ ಛಲೋ ಬಂದೈತಿ."

ಟೀಚರ ಹಿಗ್ಗಿಗೆ ಕಾರಣವಿತ್ತು. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಕೊಪ್ಪಳದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದ ಹಾಳೆ ಅದು. ಮೇಲೆ 'ನನ್ನ ತಾಯಿ' ಎಂಬ ಅಕ್ಷರ, ಕೆಳಗೆ ಬೋಳು ತಲೆಯ ಒಂದು ಮುಖ. ಕಣ್ಣು ಮೂಗು ಮಕ್ಕಳೇ ಬರೆಯಬೇಕು, ಕೂದಲಿಗೆ ಉಲ್ಲನ್ ದಾರ ಅಂಟಿಸಬೇಕು. ಈ ಬಿಸಿಲೂರಿನಲ್ಲಿ ಉಲ್ಲನ್ ಯಾರ ಮನೆಯಲ್ಲಿ ಇರುತ್ತದೆ? ಮನೆಯಲ್ಲಿ ಏನಿದೆಯೋ ಅದನ್ನೇ ತನ್ನಿ ಎಂದುಬಿಟ್ಟಿದ್ದರು. ಗೋಣಿಯ ನಾರು ಬಂತು, ತೆಂಗಿನ ನಾರು ಬಂತು, ಯಮನೂರ ಎಂಬ ಹುಡುಗ ಎಲ್ಲಿಂದಲೋ ಹಳೆಯ ಕ್ಯಾಸೆಟ್ಟಿನ ರೀಲು ತಂದ. ಶಾಯಿಸ್ತಾ ತಂದದ್ದು ಮಾತ್ರ ನಿಜವಾದ ಕೂದಲು, ನೀಟಾಗಿ ಬಾಚಿದ್ದು. ಟೀಚರು ಅದರ ಫೋಟೊ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿಯೂ ಆಗಿತ್ತು.

ತಸ್ಲೀಮಾ ಹಾಳೆ ನೋಡಿದವಳೇ ಹಣೆ ಬಡಿದುಕೊಂಡಳು. "ಇದು ಸೇಠರ ಮಾಲರಿ ಅಕ್ಕಾರ!"

ವಿಗ್ಗಿಗೆ ಹೋಗುವ ಕೂದಲಿನ ಸಿಕ್ಕು ಬಿಡಿಸುವುದು ಆ ಓಣಿಯ ಹೆಂಗಸರ ಕೆಲಸ. ಸೇಠರ ಕಡೆಯಿಂದ ಮುದ್ದೆಗಟ್ಟಿ ಬಂದದ್ದನ್ನು ಮನೆಯಲ್ಲೇ ಕೂತು ಎಳೆ ಎಳೆಯಾಗಿ ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟಬೇಕು. ಮಗಳು ಎತ್ತಿಕೊಂಡು ಬಂದದ್ದು ಎಲ್ಲಕ್ಕಿಂತ ಉದ್ದನೆಯ ಕಟ್ಟು.

"ತೂಕ ಮಾಡಿ ಕೊಡ್ತಾರ್ರಿ, ತೂಕ ಮಾಡೇ ಒಯ್ತಾರ. ಸಂಜಿಕೆ ಸೇಠರ ಕಡಿಂದ ರಸೂಲಸಾಬ ತಕ್ಕಡಿ ತಗೊಂಡು ಬರ್ತಾರ. ಕಮ್ಮಿ ಬಂದ್ರ ನಾಳಿಂದ ಮಾಲು ಬಾಜು ಮನಿಗೆ ಹೋಗತೈತಿ."

"ನಾನು ಅವರಿಗೆ ಹೇಳ್ತೀನಿ ಬಿಡ್ರಿ."

"ನೀವು ಹೇಳೂದು ಬ್ಯಾಡ್ರಿ. ಹಿಂಗ ಯಾರೋ ಪರವಾಗಿ ಹೇಳಾಕ ಹೋಗಿ ಒಬ್ಬಾಕಿದು ಕೆಲಸ ಹೋಗೇತಿ."

ಇಬ್ಬರೂ ನೆಲಕ್ಕೆ ಕೂತು ಉಗುರಿನಿಂದ ಕೆರೆದು ನೋಡಿದರು. ಅಂಟು ಬಿಡಲಿಲ್ಲ. ಕೊನೆಗೆ ತಸ್ಲೀಮಾ ಹಾಳೆಯನ್ನೇ ಬಕೆಟ್ಟಿನ ನೀರಿಗೆ ಅದ್ದಿದಳು. ಸ್ಕೆಚ್‌ಪೆನ್ನಿನಿಂದ ಬರೆದ ಕಣ್ಣು ಮೊದಲು ಕದಡಿತು, ಆಮೇಲೆ ಮೂಗುಬೊಟ್ಟು, ಆಮೇಲೆ ನಗು. ಕಸ್ತೂರೆಮ್ಮನವರಿಗೆ ಸಂಕಟವಾಯಿತು. ತಪ್ಪು ಹುಡುಗಿಯದಲ್ಲ, ಮನೆಯಲ್ಲಿದ್ದದ್ದು ತನ್ನಿ ಎಂದ ತಮ್ಮದೇ ಎಂದು ಅವರಿಗೆ ಗೊತ್ತಿತ್ತು.

ಮನೆಯಲ್ಲಿ ಉರ್ದು ಆಡುವ ತಸ್ಲೀಮಾ, ಟೀಚರಿಗೂ ತಿಳಿಯಲಿ ಎಂದೋ ಏನೋ, ಪಕ್ಕದಲ್ಲೇ ನಿಂತಿದ್ದ ಮಗಳನ್ನು ಕನ್ನಡದಲ್ಲೇ ಬೈದಳು. "ಗೋಣಿ ನಾರು ಸಿಗಲಿಲ್ಲೇನ ನಿನಗ? ನನಗೆಲ್ಲಿ ಅದಾವ ಇಷ್ಟುದ್ದ ಕೂದಲ?"

"ದಿನಾ ನಿನ್ನ ತೊಡಿ ಮ್ಯಾಲೆ ಇರತಾವಲ್ಲ, ಅಮ್ಮಿ?"

ತಸ್ಲೀಮಾ ಹಾಳೆಯಿಂದ ಬಿಟ್ಟುಬಂದ ಕೂದಲನ್ನು ಒಟ್ಟುಮಾಡಿದಳು. ಅದನ್ನು ಹಿಂಡಿ ದುಪಟ್ಟಾದ ತುದಿಗೆ ಕಟ್ಟಿಕೊಂಡು ಎದ್ದಳು. "ಬಿಸಲಿಗೆ ಒಣಗಸಬೇಕ್ರಿ. ಹಸಿ ಇದ್ರ, ತೂಕಕ್ಕ ನೀರು ಹೊಡದೀ ಅಂತಾರ." ಲಗುಬಗೆಯಿಂದ ಹೊರಟೇಹೋದಳು.

ಕಸ್ತೂರೆಮ್ಮ ಟೀಚರು ಉಳಿದಿದ್ದ ಹೊಸ ಹಾಳೆಯೊಂದನ್ನು ಶಾಯಿಸ್ತಾಳ ಮುಂದೆ ಇಟ್ಟರು. "ಈ ಸಲ ಏನೂ ಅಂಟಸಬ್ಯಾಡವ್ವ. ಬಣ್ಣ ಹಚ್ಚಿದ್ರ ಸಾಕು."

ಹುಡುಗಿ ಕಣ್ಣು ಬರೆದಳು, ಮೂಗು ಬರೆದಳು, ಬೋಳು ತಲೆಯ ಮೇಲೆ ಹಸಿರು ದುಪಟ್ಟಾ ಹೊದಿಸಿದಳು. ಮುಖದ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಎರಡು ಕೈ ಬರೆದು, ಕರಿ ಬಣ್ಣದ ಕಡ್ಡಿ ತೆಗೆದುಕೊಂಡು, ಆ ಕೈಗಳಿಂದ ಹಾಳೆಯ ಅಂಚಿನವರೆಗೆ ಒತ್ತೊತ್ತಾಗಿ ಗೆರೆ ಎಳೆಯತೊಡಗಿದಳು.

ಟೀಚರು ಬಗ್ಗಿ ನೋಡಿದರು. "ಕೂದಲ ತಲಿ ಮ್ಯಾಲೆ ಇರಬೇಕಲ್ಲವಾ, ಕೈಯಾಗ ಯಾಕ ಬರದಿ?"

ಶಾಯಿಸ್ತಾ ತಲೆಯೆತ್ತಲಿಲ್ಲ. "ಇವು ಅಮ್ಮೀವು ಅಲ್ಲರಿ ಅಕ್ಕಾರ. ಸಂಜಿಕೆ ಒಯ್ತಾರ."