ಕಿಟಕಿ ಪಕ್ಕದ ಟೋಪಿ

ಬೇಸಿಗೆಯ ಕೊನೆಯ ದಿನಗಳು. ಬೆಳಗಿನ ಬಿಸಿಲು ಪ್ರವಾಸಿ ಬಸ್ಸಿನ ಗಾಜಿಗೆ ಬೀಳುವ ಹೊತ್ತಿಗಾಗಲೇ, ಅತ್ತೆಯನ್ನು ಎಲ್ಲಿ ಬಿಟ್ಟು ಹೋಗುವುದೆಂದು ಸೊಸೆ ನಿರ್ಧರಿಸಿಯಾಗಿತ್ತು. ಕಡಲ ದಂಡೆಯಲ್ಲಿ. ಎಲ್ಲರೂ ಬಾಯಿ ಬಿಟ್ಟುಕೊಂಡು ಅಲೆ ನೋಡುತ್ತಿರುವಾಗ.

ಅತ್ತೆ ಪಕ್ಕದಲ್ಲೇ ಕಿಟಕಿಗೆ ಮೂಗೊತ್ತಿ ಕೂತಿದ್ದಳು. ಹತ್ತಿದಾಗಿನಿಂದ ಆ ಜಾಗ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತೊಡೆಯ ಮೇಲೆ ದಪ್ಪ ಕಂಬಳಿ. ಕಣ್ಣು ಮುಚ್ಚುವ ಮುಂಚೆ ಒಮ್ಮೆ ಸಮುದ್ರ ನೋಡಬೇಕೆಂದು ಹಟ ಹಿಡಿದು, ಮಗನ ತಲೆ ತಿಂದು, ಈ ಪ್ರವಾಸ ಹೊರಡಿಸಿದವಳು ಅವಳೇ. ಕಿವಿ ಕೇಳದ ಮುದುಕಿಯನ್ನು ಒಬ್ಬಳನ್ನೇ ಕಳಿಸುವುದುಂಟೆ? ಸೊಸೆಯನ್ನೂ ಜೊತೆಗೆ ಹಾಕಿ ಕಳಿಸಿದ್ದ ಮಗ.

“ಈ ಸೆಕೇಲಿ ಕಂಬಳಿ ಯಾಕಜ್ಜಿ?” ಹಿಂದಿನ ಸೀಟಿನವನು ಗಂಟಲು ಹರಿಯುವಂತೆ ಕೂಗಿದ.

“ವಾಪಸ್ ಹೋಗೋವಾಗ ಬೇಕಾಗುತ್ತಪ್ಪ,” ಎಂದಳು ಅತ್ತೆ. ಬಸ್ಸೆಲ್ಲ ನಕ್ಕಿತು.

ಪ್ರವಾಸ ಮಾಡಿಸುವ ಗೈಡ್ ಎಲ್ಲರಿಗೂ ಕೆಂಪು ಟೋಪಿ ಹಂಚುತ್ತ ಬಂದ. “ಜನಕ್ಕೆ ಟೋಪಿ ಹಾಕೋದೇ ನನ್ನ ಉದ್ಯೋಗ, ಬೇಜಾರು ಮಾಡ್ಕೋಬೇಡಿ. ಮುಖ ನೆನಪಿಟ್ಟು ಎಣಿಸೋ ಬುದ್ಧಿ ನನಗಿಲ್ಲ. ನಾನು ಎಣಿಸೋದು ಟೋಪಿ. ಒಂದು ಕಡಿಮೆ ಆದ್ರೂ ಬಸ್ಸು ಹೊರಡಲ್ಲ!”

ಸೊಸೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಟೋಪಿ ಕಡಿಮೆಯಾದ ಕೂಡಲೇ ಹುಡುಕಾಟ, ಮೈಕಿನಲ್ಲಿ ಕೂಗು, ಪೊಲೀಸು. ಅಷ್ಟರೊಳಗೆ ದರ್ಜಿಗಳ ಬೀದಿ ಸೇರಬೇಕು. ಅಲ್ಲಿ, ಜೊತೆಯಲ್ಲಿ ಹೊಲಿಗೆ ಕಲಿತ ಗೆಳತಿಯ ಅಂಗಡಿಯಿತ್ತು. ಸೇರಿದರೆ ಬದುಕಿದಳು. ಸಿಕ್ಕಿಬಿದ್ದರೆ ಮತ್ತೆ ಅದೇ ಮನೆ.

ಬಸ್ಸು ಹೊಕ್ಕ ನಗರ ಮುಗಿಯುವಂತೆಯೇ ಕಾಣಲಿಲ್ಲ. ಬಂದರಿನ ಕ್ರೇನುಗಳು, ಮೇಲ್ಸೇತುವೆಗಳು, ಒಂದರ ಹೆಗಲಿಗೊಂದು ಒರಗಿದಂಥ ಮಹಡಿಮನೆಗಳು, ಸಾಲುಸಾಲು ಬಾಲ್ಕನಿಗಳಲ್ಲಿ ಒಣಗುವ ಬಟ್ಟೆಗಳು. ಇಲ್ಲಿ ಕಳೆದುಹೋದವರನ್ನು ದೇವರೂ ಹುಡುಕಲಾರ. ಅದೇ ಅವಳಿಗೆ ಧೈರ್ಯ, ಅದೇ ಪಾಪದ ಭಯ. ಕೂಗಿದರೂ ಕೇಳದ ಮುದುಕಿ ಈ ಜನಸಾಗರದಲ್ಲಿ ತನ್ನನ್ನು ಹುಡುಕುತ್ತ ಅಲೆದರೆ?

ಅತ್ತೆ ಕಿತ್ತಳೆ ಸುಲಿದು ದೊಡ್ಡ ಪಾಲನ್ನು ಅವಳ ಕೈಗಿಟ್ಟಳು. “ಇಷ್ಟು ವರ್ಷ ನಿನಗೆ ಅಂತ ನಾನೇನೂ ಮಾಡ್ಲಿಲ್ಲ ಕಣೇ.”

ಸೊಸೆ ತೊಳೆಗಳನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

ಸಮುದ್ರವೇ ಕೊನೆಯ ನಿಲುಗಡೆ. ಅಲ್ಲಿಂದ ಬಸ್ಸು ನೇರ ಊರಿಗೆ. ಇಳಿದ ಕೂಡಲೇ ಸೊಸೆ ಹಣ್ಣಿನ ಗಾಡಿಯವನ ಹತ್ತಿರ ಸರಿದು ಪಿಸುಗುಟ್ಟಿದಳು, “ದರ್ಜಿಗಳ ಬೀದಿ ಎಲ್ಲಿ ಬರುತ್ತೆ?”

“ಆ ಗಡಿಯಾರದ ಗೋಪುರ ದಾಟಿ ಬಲಕ್ಕೆ ಹೋಗಮ್ಮ.” ಅವನದೂ ಮೆಲುದನಿ. ಎರಡು ಹೆಜ್ಜೆ ಆಚೆ ಅತ್ತೆ ಅತ್ತ ಮುಖ ಮಾಡಿ ಅಲೆ ನೋಡುತ್ತಿದ್ದಳು.

ನೀರಿಗಿಳಿದಾಗ ಅತ್ತೆ, “ತೋಳು ಮಡಚ್ಕೊಳೇ, ನೆನೆಯುತ್ತೆ,” ಎಂದಳು. ಸೊಸೆ ಮಡಚಲಿಲ್ಲ. ಆ ಬಿಸಿಲಲ್ಲೂ ಮಣಿಕಟ್ಟಿನವರೆಗೆ ಇಳಿದಿದ್ದ ರವಿಕೆಯ ತೋಳನ್ನು ಇನ್ನಷ್ಟು ಎಳೆದುಕೊಂಡಳು. ಕೆಳಗಿದ್ದದ್ದು ಗಂಡನ ಕೈಯ ಗುರುತು. ಹೊರಗಿನವರಿಗೆ ಹೊಲಿದು ಕೊಡುತ್ತೇನೆ ಎಂದ ದಿನ ಅವಳ ಕತ್ತರಿಯನ್ನು ಕಸದ ತೊಟ್ಟಿಗೆ ಎಸೆದು, ಆಮೇಲೆ ಅವಳ ಮೇಲೆ ಕೈಯೆತ್ತಿದ್ದ. ಅಂದಿನಿಂದ ಅದೇ ರೂಢಿಯಾಯಿತು. ಗೋಡೆಯಾಚೆ ಮಲಗುವ ಅತ್ತೆ ಒಮ್ಮೆಯೂ ಎದ್ದು ಬಂದವಳಲ್ಲ. ಕಿವುಡಿಯನ್ನು ದೂರಿ ಏನು ಬಂತು?

ಹೊತ್ತು ವಾಲಿತು. “ಅತ್ತೇ! ಕುಡಿಯೋ ನೀರು ತರ್ತೀನಿ!” ಎಂದು ಕಿವಿಯ ಹತ್ತಿರ ಕೂಗಿದಳು.

ಅತ್ತೆ ಅವಳ ಚೀಲದ ಪಟ್ಟಿಯನ್ನು ಹೆಗಲಿಗೆ ಸರಿಯಾಗಿ ಏರಿಸಿದಳು. ಬೆಳಗಿನಿಂದ ಚೀಲ ಭಾರವೇ ಇತ್ತು. ಹಣ್ಣು ಇಟ್ಟಿದ್ದೇನೆ ಎಂದಿದ್ದಳು ಮುದುಕಿ.

“ಟೋಪಿ ಕೊಟ್ಟು ಹೋಗು. ಗಾಳಿಗೆ ಹಾರಿಹೋದೀತು.” ಕೊಟ್ಟಳು. “ಬಲಕ್ಕೇ ಹೋಗು, ತಾಯಿ. ಆ ಕಡೆ ನೆರಳಿದೆ.”

ಸೊಸೆ ತಿರುಗಿ ನೋಡದೆ ನಡೆದಳು. ಗೋಪುರದ ಕಂಬದ ಮರೆಗೆ ಬಂದು ನಿಂತುಬಿಟ್ಟಳು. ಅನ್ನ ಕಲಸಿ ಕೊಟ್ಟ ಕೈ ಅತ್ತೆಯದು, ಜ್ವರದಲ್ಲಿ ಹಣೆ ಮುಟ್ಟಿದ ಕೈ. ಈಗ ಸಿಳ್ಳೆ ಬೀಳುತ್ತದೆ, ಟೋಪಿ ಕಡಿಮೆಯಾಗುತ್ತದೆ, ಮುದುಕಿ ಬಾಯಿ ಬಡಿದುಕೊಳ್ಳುತ್ತಾಳೆ. ಆ ಅಳು ಕೇಳಿದರೆ ತಾನು ಮರಳಿ ಹೋಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

ಕಣ್ಣೊರೆಸಿಕೊಳ್ಳಲು ಕರವಸ್ತ್ರಕ್ಕೆಂದು ಚೀಲಕ್ಕೆ ಕೈ ಹಾಕಿದಳು. ಬೆರಳಿಗೆ ಗಟ್ಟಿಯಾಗಿ ಏನೋ ತಾಗಿತು. ಹಣ್ಣಲ್ಲ. ಹಳೆ ಬಟ್ಟೆಯಲ್ಲಿ ಸುತ್ತಿದ ಕತ್ತರಿ. ಹಿಡಿಗೆ ತಾನೇ ಸುತ್ತಿದ್ದ ನೀಲಿ ದಾರ ಹಾಗೆಯೇ ಇತ್ತು. ತುಕ್ಕಿನ ಚುಕ್ಕೆಯಿಲ್ಲ. ಹೊಸದಾಗಿ ಸವರಿದ ಎಣ್ಣೆಯ ವಾಸನೆ.

ಹಣ್ಣಿನವನು ಅಷ್ಟು ಮೆಲ್ಲಗೆ ಹೇಳಿದ ‘ಬಲಕ್ಕೆ’ ಅತ್ತೆಗೆ ಕೇಳಿಸಿದ್ದು ಹೇಗೆ?

ಸಿಳ್ಳೆ ಬಿತ್ತು. ಯಾರೂ ಕೂಗಲಿಲ್ಲ. ಗೋಪುರದ ಎದುರೇ ನಿಂತಿದ್ದ ಬಸ್ಸಿನೊಳಗೆ ಗೈಡ್ ಬೆರಳು ಮಡಚುತ್ತ ಟೋಪಿ ಎಣಿಸಿಕೊಂಡು ಬಂದ. ಅತ್ತೆಯ ಸೀಟಿನ ಬಳಿ ಬಗ್ಗಿದ. ಕಿಟಕಿಯ ಜಾಗ ಬಿಟ್ಟುಕೊಟ್ಟು ಈಚೆ ಕೂತಿದ್ದ ಅತ್ತೆ ತುಟಿಯ ಮೇಲೆ ಬೆರಳಿಟ್ಟಳು: ಮಲಗಿದ್ದಾಳೆ, ಎಬ್ಬಿಸಬೇಡ. ಅವನು ತಲೆಯಾಡಿಸಿ ಮುಂದೆ ಹೋದ. ಗಾಜಿಗೆ ಒರಗಿಸಿದ್ದ ಕಂಬಳಿಯ ಸುರುಳಿಯ ಮೇಲೆ ಕೆಂಪು ಟೋಪಿ. ಅತ್ತೆ ಅದನ್ನು ಒಂದು ಕೈಯಿಂದ ತಬ್ಬಿ, ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಿದ್ದಳು.

ಆ ಸಂಜೆ ಊರಿಗೆ, ಆ ಮಗನ ಮನೆಗೆ ಹೊರಟದ್ದು ಎರಡು ಟೋಪಿ, ಒಬ್ಬಳೇ ಹೆಂಗಸು.